ಗಂಡು ಮೀನಿನ ಸಾಕ್ಷಿ
(ಬ್ಲಾಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೆರೆಯ ನೀರು ಕೆಟ್ಟಿದೆಯೆಂದು ನಮಗೆ ಹೇಗೆ ಗೊತ್ತಾಗುತ್ತದೆ? ಬಣ್ಣ ತಿರುಗಿದರೆ ಕಣ್ಣು ಹೇಳುತ್ತದೆ. ನಾತ ಬಂದರೆ ಮೂಗು ಹೇಳುತ್ತದೆ. ಸವಳಾದರೆ ನಾಲಗೆ ಹೇಳುತ್ತದೆ. ಬೆಳಗಾಗೆದ್ದು ನೋಡಿದಾಗ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ ಯಾರೂ ಹೇಳಬೇಕಾದ್ದೇ ಇಲ್ಲ. ನಾನು ಇಂದು ಹೇಳಹೊರಟಿರುವುದು ಇವಾವುದಕ್ಕೂ ಸಿಕ್ಕದ ಕೇಡಿನ ಮಾತು. ನೀರು ತಿಳಿಯಾಗಿಯೇ ಇರುತ್ತದೆ. ಮೀನು ಸಾಯುವುದಿಲ್ಲ, ಮೇಯುತ್ತದೆ, ಬೆಳೆಯುತ್ತದೆ, ಬಲೆಗೂ ಬೀಳುತ್ತದೆ. ಆದರೆ ಮರಿಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತವೆ. ಏಕೆಂದು ಕೇಳಿದರೆ ಕೆರೆಯ ದಡದಲ್ಲಿ ನಿಂತವರು ಯಾರೂ ಹೇಳಲಾರರು.

ದನ ಕಟ್ಟಿದವರಿಗೆ ನಾನು ದೊಡ್ಡ ಪಾಠ ಹೇಳಬೇಕಾಗಿಲ್ಲ. ಬೀಜ ಒಡೆಸಿದ ಎತ್ತಿಗೂ ಬೀಜದ ಹೋರಿಗೂ ಇರುವ ಅಂತರ ನಿಮಗೆ ಗೊತ್ತು. ಮೇವು ಒಂದೇ, ಕೊಟ್ಟಿಗೆ ಒಂದೇ, ಆದರೂ ಒಂದರ ಕುತ್ತಿಗೆ, ಹಿಣಿಲು, ಸೊಕ್ಕು ಬೇರೆ, ಇನ್ನೊಂದರದು ಬೇರೆ. ವೃಷಣದಿಂದ ರಕ್ತಕ್ಕೆ ಇಳಿಯುವ ಒಂದು ರಸವೇ ಅದಕ್ಕೆ ಕಾರಣ. ಹಸು ಬೆದೆಗೆ ಬರುವುದು, ಕರು ಹಾಕಿದ ಮೇಲೆ ಹಾಲು ಇಳಿಯುವುದು, ಹುಡುಗನಿಗೆ ಮೀಸೆ ಮೂಡುವುದು, ಎಲ್ಲವೂ ಇಂಥ ರಸಗಳ ಅಪ್ಪಣೆಯಂತೆ ನಡೆಯುತ್ತವೆ. ಇವಕ್ಕೆ ಹಾರ್ಮೋನುಗಳೆಂದು ಹೆಸರು. ಬೀಗಕ್ಕೆ ಬೀಗದ ಕೈ ಹೇಗೋ ಹಾಗೆ, ಒಂದೊಂದು ಹಾರ್ಮೋನಿಗೂ ಮೈಯೊಳಗೆ ತಕ್ಕ ಬೀಗವುಂಟು. ಹೊರಗಿನ ಕೆಲವು ಪದಾರ್ಥಗಳು ಕಳ್ಳಕೈಯಂತೆ ಆ ಬೀಗವನ್ನು ತೆರೆದುಬಿಡುತ್ತವೆ. ಕೆಲವು ಅದರಲ್ಲಿ ಸಿಕ್ಕಿಕೊಂಡು ನಿಜವಾದ ಕೈ ಹೋಗದಂತೆ ಮಾಡುತ್ತವೆ. ಕೆಲವು ಕೀಟನಾಶಕಗಳು, ಕೆಲವು ಸಾಬೂನು ಪದಾರ್ಥಗಳು ಕೊಳೆತು ಆಗುವ ವಸ್ತುಗಳು, ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ವಸ್ತುಗಳು, ಮನುಷ್ಯರು ನುಂಗುವ ಸಂತಾನ ನಿಯಂತ್ರಣದ ಮಾತ್ರೆ, ಇವೆಲ್ಲ ಆ ಪಟ್ಟಿಯಲ್ಲಿವೆ.

ಎಷ್ಟು ಬಿದ್ದರೆ ಕೇಡು? ಕೆನಡಾ ದೇಶದಲ್ಲಿ ಪ್ರಯೋಗಕ್ಕೆಂದೇ ಬಿಟ್ಟ ಸರೋವರಗಳಿವೆ. ಅದರಲ್ಲಿ ಒಂದಕ್ಕೆ ೨೦೦೧ರಿಂದ ೨೦೦೩ರವರೆಗೆ, ಮೂರು ಬೇಸಗೆ, ಆ ಮಾತ್ರೆಯಲ್ಲಿರುವ ಹೆಣ್ಣು ಹಾರ್ಮೋನನ್ನು ಲೀಟರಿಗೆ ೫-೬ ನ್ಯಾನೋಗ್ರಾಂ ಆಗುವಂತೆ ಬೆರೆಸಿದರು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ಲೆಕ್ಕಕ್ಕೆ ತರೋಣ: ಸುಮಾರು ೨೫೦ ಎಕರೆ ಹರವಿನ ಕೆರೆ, ಉದ್ದಕ್ಕೂ ಒಂದು ಮೀಟರು ನೀರು. ಅಷ್ಟಕ್ಕೂ ಸೇರಿ ೫ ಗ್ರಾಂ, ಅಂದರೆ ಒಂದು ಟೀ ಚಮಚೆಯಷ್ಟು. ಇಷ್ಟಕ್ಕೇ ಅಲ್ಲಿನ ಗಂಡು ಮೀನುಗಳ ವೃಷಣ ಸರಿಯಾಗಿ ಬೆಳೆಯಲಿಲ್ಲ. ಕೆಲವದರಲ್ಲಿ ಮೊಟ್ಟೆಯೂ ಕಂಡಿತು. ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ಹೆಚ್ಚುಕಡಮೆ ಅಳಿದೇ ಹೋಯಿತು. ಅದನ್ನು ತಿಂದು ಬದುಕುವ ದೊಡ್ಡ ಮೀನೂ ಕಡಮೆಯಾಯಿತು. ಹಾಕುವುದು ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಸಣ್ಣ ಮೀನು ಮತ್ತೆ ಹೆಚ್ಚಿತು ಎಂಬುದನ್ನೂ ಹೇಳಬೇಕು.

ಇಷ್ಟು ಸಣ್ಣ ಪಾಲನ್ನು ಪತ್ತೆ ಹಚ್ಚುವುದು ಹೇಗೆ? ಇದರ ಕತೆ ಇಂಗ್ಲೆಂಡಿನದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಅಲ್ಲಿ ರೋಚ್ ಎಂಬ ಮೀನುಂಟು, ನಮ್ಮ ಗೆಂಡೆಯ ಬಳಗಕ್ಕೆ ಸೇರಿದ್ದು. ೧೯೭೦ರ ದಶಕದ ಕೊನೆಗೆ ಲೀ ನದಿಯ ಕಡೆ, ಪಟ್ಟಣದ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡುವ ಜಾಗದಲ್ಲಿ, ಗಂಡೂ ಹೆಣ್ಣೂ ಎರಡೂ ಆದ ರೋಚ್ ಮೀನುಗಳು ಸಿಕ್ಕವು. ಆ ನೀರು ನಿಯಮದ ಪ್ರಕಾರ ಶುದ್ಧವಾಗಿಯೇ ಇತ್ತು. ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಸಾಕಿದ ಟ್ರೌಟ್ ಮೀನುಗಳನ್ನು ಪಂಜರದಲ್ಲಿಟ್ಟು, ಕೊಳಚೆ ಶುದ್ಧೀಕರಣದ ನೀರು ಹೊರಬೀಳುವ ಬಾಯಲ್ಲಿ ಎರಡು ಮೂರು ವಾರ ಇಳಿಬಿಟ್ಟರು. ಆಮೇಲೆ ಅವುಗಳ ರಕ್ತ ತೆಗೆದು ನೋಡಿದರು.

ರಕ್ತದಲ್ಲಿ ಹುಡುಕಿದ್ದು ವಿಷವನ್ನಲ್ಲ. ಮೊಟ್ಟೆಯ ಹಳದಿ ಭಂಡಾರಕ್ಕೆ ಬೇಕಾದ ಒಂದು ಸಸಾರಜನಕ. ವಿಟೆಲ್ಲೋಜೆನಿನ್ ಎಂದು ಅದರ ಹೆಸರು. ಹೆಣ್ಣು ಮೀನು ಮೊಟ್ಟೆ ಕಟ್ಟುವ ಕಾಲಕ್ಕೆ ಅದರ ಪಿತ್ತಜನಕಾಂಗ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ತಯಾರಿಸುವ ಶಕ್ತಿ ಗಂಡಿಗೂ ಉಂಟು, ಆದರೆ ಹೆಣ್ಣು ಹಾರ್ಮೋನಿನ ಅಪ್ಪಣೆಯಿಲ್ಲದೆ ಆ ಕೆಲಸ ನಡೆಯದು. ಹಾಗಾಗಿ ಗಂಡು ಮೀನಿನ ರಕ್ತದಲ್ಲಿ ಅದು ರಾಶಿಯಾಗಿ ಸಿಕ್ಕಿತೆಂದರೆ, ಎಲ್ಲಿಂದಲೋ ಕಳ್ಳಕೈ ಬಂದಿದೆಯೆಂದೇ ಅರ್ಥ. ಇಂಗ್ಲೆಂಡಿನ ಪಂಜರದ ಗಂಡು ಮೀನುಗಳಲ್ಲಿ ಅದು ಸಾವಿರಾರು ಪಾಲು ಏರಿತ್ತು. ೧೯೯೪ರಲ್ಲಿ ಈ ವಿಷಯ ಪ್ರಕಟವಾಯಿತು. ೧೯೯೮ರಲ್ಲಿ ಹಲವು ನದಿಗಳ ಕಾಡು ರೋಚ್‌ಗಳನ್ನು ಪರೀಕ್ಷಿಸಿದ ವರದಿ ಬಂತು. ಕೊಳಚೆ ಬಾಯಿಂದ ಕೆಳಗಿನ ಕೆಲವು ಜಾಗಗಳಲ್ಲಿ ಹಿಡಿದ ಗಂಡುಗಳೆಲ್ಲ ಹೆಣ್ಣಿನ ಲಕ್ಷಣ ತೋರಿದವು.

ಸಾಕ್ಷಿ ಸಿಕ್ಕಿತು, ಕಳ್ಳ ಸಿಗಲಿಲ್ಲ. ಕೊಳಚೆ ನೀರಿನಲ್ಲಿ ಸಾವಿರ ವಸ್ತುಗಳಿರುತ್ತವೆ. ಬ್ರೂನೆಲ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಸಂಪ್ಟರ್ ಮತ್ತು ಅವರ ಜೊತೆಯವರು ಒಂದು ಚಮತ್ಕಾರ ಮಾಡಿಟ್ಟಿದ್ದರು. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರೊಳಗೆ ಮನುಷ್ಯರ ಹೆಣ್ಣು ಹಾರ್ಮೋನಿನ ಬೀಗವನ್ನು ಕೂಡಿಸಿದ ಬಗೆಯೊಂದನ್ನು ಬಳಸಿದರು. ಹೆಣ್ಣು ಹಾರ್ಮೋನಿನಂತೆ ನಡೆಯುವ ವಸ್ತು ತಾಕಿದರೆ ಆ ದ್ರವದ ಹಳದಿ ಬಣ್ಣ ಕೆಂಪಾಗುತ್ತದೆ. ಈಗ ಕೆಲಸ ಸುಲಭವಾಯಿತು. ಕೊಳಚೆ ನೀರಿನ ಸಾರವನ್ನು ಪಾಲು ಪಾಲಾಗಿ ಬೇರೆ ಮಾಡುವುದು. ಒಂದೊಂದು ಪಾಲನ್ನೂ ಯೀಸ್ಟಿಗೆ ಹಾಕುವುದು. ಕೆಂಪಾಗದ್ದನ್ನು ಬಿಡುವುದು, ಕೆಂಪಾದುದನ್ನು ಮತ್ತೆ ಒಡೆಯುವುದು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮೊರದಲ್ಲಿ ಕೇರಿ ಕೇರಿ ಮೂಲೆಗೆ ತರುವುದಿಲ್ಲವೆ, ಹಾಗೆ. ಕೊನೆಗೆ ಮೂಲೆಗೆ ಬಂದದ್ದು ಬಹುಮಟ್ಟಿಗೆ ಹೆಂಗಸರ ಮೈಯಿಂದಲೇ ಮೂತ್ರದಲ್ಲಿ ಹೋಗುವ ಹಾರ್ಮೋನುಗಳು, ಮತ್ತು ಮಾತ್ರೆಯ ಹಾರ್ಮೋನು. ಏರ್ ಎಂಬ ನದಿಯಲ್ಲಿ ಮಾತ್ರ ಬೇರೆ ಕಳ್ಳ: ಉಣ್ಣೆ ತೊಳೆಯುವ ಕಾರ್ಖಾನೆಗಳ ಮಾರ್ಜಕದಿಂದ ಹುಟ್ಟುವ ನೊನೈಲ್‌ಫೀನಾಲ್. ಆ ಮಾರ್ಜಕವನ್ನು ಕಡಮೆ ಮಾಡಿದ ಮೇಲೆ ಅಲ್ಲಿ ಪಂಜರದಲ್ಲಿಟ್ಟ ಮೀನಿನ ರಕ್ತ ಸುಧಾರಿಸಿತು.

ಇನ್ನು ಕೆಸರಿನ ಮಾತು. ಈ ಜಾತಿಯ ಅನೇಕ ವಸ್ತುಗಳಿಗೆ ನೀರೆಂದರೆ ಆಗದು. ಜಿಡ್ಡು, ಕೊಳೆತ ಎಲೆ, ಜೇಡಿ ಮಣ್ಣು ಕಂಡರೆ ಅಂಟಿಕೊಳ್ಳುತ್ತವೆ. ಇಂದು ತುಂಬಿಕೊಂಡ ನೀರಿನಲ್ಲಿ ಇಂದಿನ ಸುದ್ದಿ ಮಾತ್ರ ಇರುತ್ತದೆ. ನಿನ್ನೆ ಮಳೆ ಬಂದಿದ್ದರೆ ಅದೂ ತೊಳೆದುಹೋಗಿರುತ್ತದೆ. ಕೆರೆಯ ಗೋಡು ಶಾನುಭೋಗರ ಹಳೆಯ ಕಡತದ ಹಾಗೆ, ವರ್ಷದ ಮೇಲೆ ವರ್ಷ ಪೇರಿಸಿಟ್ಟುಕೊಂಡಿರುತ್ತದೆ. ಕೊಳವೆಯಿಳಿಸಿ ಗೋಡನ್ನು ಕದಡದಂತೆ ಮೇಲೆತ್ತಿ ಪದರ ಪದರವಾಗಿ ಕೊಯ್ದರೆ ಯಾವ ಕಾಲದಲ್ಲಿ ಏನು ಬಂದು ಬಿತ್ತೆಂದು ಓದಬಹುದು. ಪದರದ ವಯಸ್ಸಿಗೂ ಗುರುತುಂಟು: ಜಗತ್ತಿನ ಅಣುಬಾಂಬಿನ ಪರೀಕ್ಷೆಗಳಿಂದ ಉದುರಿದ ಸೀಸಿಯಂ ಧೂಳು ೧೯೬೩ರ ಸುಮಾರಿಗೆ ಅತಿ ಹೆಚ್ಚಾಗಿತ್ತು, ಆ ಧೂಳು ಹೆಚ್ಚಾಗಿರುವ ಪದರ ಆ ವರ್ಷದ್ದು. ಹೂಳೆತ್ತಿ ಹೊಲಕ್ಕೆ ಹೊಡೆಯುವ ನಮಗೆ ಇದು ಬರಿಯ ವಿನೋದದ ಸಂಗತಿಯಲ್ಲ. ಒಳ್ಳೆಯ ಕೆರೆಯ ಗೋಡು ಹೊಲಕ್ಕೆ ಬಂಗಾರ. ಆದರೆ ಕಾರ್ಖಾನೆಯ ಅಥವಾ ಪಟ್ಟಣದ ನೀರು ಬಿದ್ದ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಗಾಡಿಗೆ ತುಂಬಬಾರದು.

ಈಗ ನಮ್ಮ ಪಕ್ಕದ ಊರಿಗೆ ಬರೋಣ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ ಎಂಬ ಗ್ರಾಮವಿದೆ. ಕನ್ನಡ, ತುಳು ಮಾತಾಡುವ ಜನ, ಅಡಕೆ ತೋಟ, ಗುಡ್ಡ ಕೊರೆದು ನೀರು ತರುವ ಸುರಂಗಗಳು. ಮೇಲಿನ ಗುಡ್ಡದಲ್ಲಿ ಗೇರು ತೋಟ. ಆ ತೋಟಕ್ಕೆ ೨೦೦೦ದವರೆಗೆ, ಇಪ್ಪತ್ತು ವರ್ಷಕ್ಕೂ ಮೇಲೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ನೀರು ಇಳಿಯುವುದು ತಗ್ಗಿನ ಬಾವಿಗೂ ತೋಡಿಗೂ ಅಲ್ಲವೆ? ಜೇನು ಇಲ್ಲವಾಯಿತು, ಮೀನು ಕಪ್ಪೆ ಕಡಮೆಯಾದವು, ಕರುಗಳು ಊನವಾಗಿ ಹುಟ್ಟುತ್ತಿವೆ ಎಂದು ಊರವರು ಹೇಳಿದರು. ಬಹಳ ಕಾಲ ಕೇಳಿದವರಿಲ್ಲ. ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು, ಆ ಊರಿನ ೧೧೭ ಮಂದಿ ಶಾಲೆಯ ಹುಡುಗರನ್ನೂ ಸಿಂಪಡಣೆಯಿಲ್ಲದ ಊರಿನ ೯೦ ಮಂದಿ ಹುಡುಗರನ್ನೂ ಪರೀಕ್ಷಿಸಿದರು. ೨೦೦೩ರಲ್ಲಿ ಅದು ಪ್ರಕಟವಾಯಿತು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಪ್ರಾಯಕ್ಕೆ ಬರುವ ಲಕ್ಷಣಗಳು ಹಿಂದೆ ಬಿದ್ದಿದ್ದವು. ಗಂಡು ಹಾರ್ಮೋನು ಕಡಮೆಯಾಗಿತ್ತು. ಪರೀಕ್ಷೆಗೆ ಒಳಪಟ್ಟವರ ಸಂಖ್ಯೆ ಚಿಕ್ಕದೆಂದು ಅವರೇ ಬರೆದಿದ್ದಾರೆ. ಅದನ್ನು ನಾವು ಮುಚ್ಚಿಡಬಾರದು. ಆದರೆ ಇಂಗ್ಲೆಂಡಿನಲ್ಲಿ ಮೀನು ಹೇಳಿದ ಸಾಕ್ಷಿಯನ್ನು ಇಲ್ಲಿ ನಮ್ಮ ಮಕ್ಕಳ ಮೈ ಹೇಳಬೇಕಾಯಿತಲ್ಲ ಎಂಬುದು ನನ್ನ ಸಂಕಟ. ಊರವರು ಜೇನು, ಮೀನು, ಕಪ್ಪೆಯ ಮಾತೆತ್ತಿದಾಗಲೇ ಯಾರಾದರೂ ಒಂದು ಸೀಸೆ ಕೆಸರು ತೆಗೆದಿದ್ದರೆ! ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆಯೂ ಇದೇ ಗೋಳು. ೨೦೧೧ರ ಮೇ ೧೩ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು.

ಆ ವಿವಾದದಲ್ಲಿ ಒಂದು ಪ್ರಯೋಗಾಲಯ ವಿಷ ಉಂಟೆಂದಿತು, ಇನ್ನೊಂದು ಇಲ್ಲವೆಂದಿತು. ನಿಮ್ಮ ಕೈಗೆ ಯಾವ ವರದಿ ಬಂದರೂ ಇಷ್ಟು ಕೇಳಿ: ಸಿಂಪಡಿಸಿ ಎಷ್ಟು ದಿನವಾಗಿತ್ತು? ಮಳೆಗೆ ಮುಂಚೆಯೋ ಆಮೇಲೋ? ನೀರು ಮಾತ್ರವೋ, ಕೆಸರೂ ಉಂಟೋ? ಏನನ್ನು ಹುಡುಕಿದರು? ಎಂಡೋಸಲ್ಫಾನ್ ಎರಡು ರೂಪದಲ್ಲಿರುತ್ತದೆ, ಆಲ್ಫಾ ಮತ್ತು ಬೀಟಾ. ಮಣ್ಣಿನಲ್ಲಿ ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ಇದು ಬಹುಕಾಲ ನಿಲ್ಲುತ್ತದೆ. ಮೊದಲೆರಡನ್ನು ಮಾತ್ರ ನೋಡಿ ಮೂರನೆಯದನ್ನು ಬಿಟ್ಟವನು “ಇಲ್ಲ” ಎಂದರೆ ಅವನು ಸುಳ್ಳು ಹೇಳಿದಂತೆಯೂ ಅಲ್ಲ, ನಿಜ ಹೇಳಿದಂತೆಯೂ ಅಲ್ಲ. “ಸಿಕ್ಕಲಿಲ್ಲ” ಎಂದು ಬರೆದಿದ್ದರೆ, ಎಷ್ಟರವರೆಗೆ ನೋಡಬಲ್ಲ ಯಂತ್ರವೆಂದು ಕೇಳಲೇಬೇಕು.

ಕೋಲಾರದ ಕಡೆಯ ನೆಂಟರು ನನ್ನನ್ನು ಕೇಳುವುದುಂಟು. ೨೦೧೮ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಅಲ್ಲಿನ ಕೆರೆಗಳಿಗೆ ಹರಿಸಿದ್ದಾರೆ. ಬತ್ತಿದ ಕೆರೆ ತುಂಬಿದ್ದು ಸಣ್ಣ ಮಾತಲ್ಲ. ಬರ ಕಂಡವರು ಆ ನೀರನ್ನು ಬೇಡವೆನ್ನಲಾರರು. ಅಲ್ಲಿ ಕೇಡಾಗಿದೆಯೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿಯೂ ನೀರು ನಿಯಮದಂತೆಯೇ ಶುದ್ಧವಾಗಿತ್ತೆಂದು ನೆನಪಿಡಿ ಎನ್ನುತ್ತೇನೆ, ಅಷ್ಟೆ. ಎರಡು ಹಂತದ ಶುದ್ಧೀಕರಣ ಹಾರ್ಮೋನಿನ ಬಹುಪಾಲನ್ನು ತೆಗೆಯುತ್ತದೆ, ಪೂರ್ತಿಯನ್ನಲ್ಲ. ಆ ಕೆರೆಗಳ ಗಂಡು ಮೀನಿನ ರಕ್ತವನ್ನು ಆಗಾಗ ನೋಡುತ್ತಿರಿ ಎಂದು ಕೇಳುವ ಹಕ್ಕು ಅಲ್ಲಿನ ರೈತರಿಗುಂಟು. ಪಂಚಾಯತಿಯಲ್ಲಿರುವ ನೀರು ಪರೀಕ್ಷೆಯ ಪೆಟ್ಟಿಗೆ ಫ್ಲೋರೈಡು, ನೈಟ್ರೇಟುಗಳನ್ನು ತೋರಿಸೀತು, ಇದನ್ನು ತೋರಿಸದು.

ಮಾದರಿ ತೆಗೆಯುವುದು ಹೇಗೆ? ಇದರಲ್ಲಿ ನಾನೇ ಒಮ್ಮೆ ಕೆಟ್ಟವನು. ಹೊಸಬನಾಗಿದ್ದಾಗ ನೀರನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ತಂದೆ. ಪರೀಕ್ಷೆಯಲ್ಲಿ ಏನೋ ಸಿಕ್ಕಿತೆಂದು ಹಿಗ್ಗಿದ್ದೂ ಆಯಿತು. ನೋಡಿದರೆ ಅದು ಕ್ಯಾನಿನ ಪ್ಲಾಸ್ಟಿಕ್ಕಿನದೇ. ಎರಡು ದಿನದ ಪ್ರಯಾಣ ವ್ಯರ್ಥ. ಗಾಜಿನ ಸೀಸೆಯೇ ಆಗಬೇಕು, ಕಂದು ಬಣ್ಣದ್ದಾದರೆ ಉತ್ತಮ. ಪ್ರಯೋಗಾಲಯದವರೇ ತೊಳೆದು ಕೊಡುತ್ತಾರೆ, ಅವರಿಂದಲೇ ತನ್ನಿ. ಮಂಜುಗಡ್ಡೆಯಲ್ಲಿಟ್ಟು ಕತ್ತಲಲ್ಲಿ ಸಾಗಿಸಿ. ಅನುಮಾನದ ನೀರು ಬೀಳುವ ಜಾಗದಿಂದ ಮೇಲೆ ಒಂದು, ಕೆಳಗೆ ಒಂದು ಮಾದರಿ ತೆಗೆಯಿರಿ. ಒಂದೇ ತಂದರೆ ಹೋಲಿಸುವುದಕ್ಕೆ ಏನೂ ಇರದು. ಕೆಸರನ್ನು ಮೇಲಿನ ನಾಲ್ಕೈದು ಬೆರಳಿನಷ್ಟು ಮಾತ್ರ ತೆಗೆಯಿರಿ. ಸೀಸೆಯ ಮೇಲೆ ಜಾಗ, ದಿನ, ಹೊತ್ತು, ಹಿಂದಿನ ಮಳೆ, ಸುತ್ತಲ ಹೊಲಕ್ಕೆ ಹೊಡೆದ ಔಷಧಿಯ ಹೆಸರು ಬರೆಯಿರಿ. ಕೀಟನಾಶಕದ ಶೇಷ ನೋಡುವ ಪ್ರಯೋಗಾಲಯಗಳು ಬೆಂಗಳೂರು, ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿವೆ. ಖರ್ಚು ಹೆಚ್ಚು, ಒಬ್ಬರೇ ಹೋಗುವುದಕ್ಕಿಂತ ಗ್ರಾಮಸಭೆಯಲ್ಲಿ ಠರಾವು ಮಾಡಿ ಪಂಚಾಯತಿಯ ಮೂಲಕ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಪ್ರತಿ ಕಳಿಸಿ ಹೋಗುವುದು ಲೇಸು.

ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: ನೀರು ಕಾಯಿಸಿದರೆ ಇದು ಹೋಗುವುದೆ? ಇಲ್ಲಮ್ಮ. ಕಾಯಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ಅದಕ್ಕಾಗಿ ಕಾಯಿಸಲೇಬೇಕು. ಈ ವಸ್ತುಗಳು ಅದರಿಂದ ಹೋಗುವುದಿಲ್ಲ. ಇದಕ್ಕೆಂದೇ ಸಿದ್ಧಪಡಿಸಿದ ಇದ್ದಲಿನ ಸೋಸುಗ ಇವುಗಳಲ್ಲಿ ಹಲವನ್ನು ಹಿಡಿಯುತ್ತದೆ, ಇದ್ದಲನ್ನು ಕಾಲಕಾಲಕ್ಕೆ ಬದಲಾಯಿಸಿದರೆ. ಮತ್ತೊಬ್ಬರು, ಔಷಧಿ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯದೆ ಇನ್ನೆಲ್ಲಿ ತೊಳೆಯುವುದು ಎಂದರು. ತೊಳೆದ ನೀರನ್ನು ಅದೇ ಹೊಲದ, ಅದೇ ಬೆಳೆಯ ಮೇಲೆಯೇ ತೆಳುವಾಗಿ ಹೊಡೆದುಬಿಡಿ. ಡಬ್ಬಿಯನ್ನು ಮೂರು ಸಲ ಜಾಲಿಸಿದ ನೀರೂ ಪಂಪಿಗೇ ಸೇರಲಿ, ಆಮೇಲೆ ತೂತು ಮಾಡಿ, ಮನೆಗೆ ಒಯ್ಯಬೇಡಿ.