ಧಾನ್ಯಪಾಕವೂ ಸಂಬಾರದ ಹದವೂ
(ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸದ ಬರಹ)



ಅನ್ನವೆಂಬ ಶಬ್ದವು ಉಣ್ಣುವದೆಂಬ ಅರ್ಥವುಳ್ಳ ‘ಅದ್’ ಧಾತುವಿನಿಂದ ಹುಟ್ಟಿದ್ದು. ಆದುದರಿಂದ ಉಣ್ಣಲ್ಪಡುವದೆಲ್ಲವೂ ಅನ್ನವೇ. ಜೋಳದ ನುಚ್ಚೂ ಅನ್ನ, ನವಣೆಯೂ ಅನ್ನ, ಅಂಬಲಿಯೂ ಅನ್ನ. ಆದರೆ ಲೋಕವ್ಯವಹಾರದಲ್ಲಿ ಈ ಶಬ್ದವು ಸಂಕುಚಿತವಾಗಿ ಬಿಳಿಯ ಅಕ್ಕಿಯಲ್ಲಿಯೇ ನೆಲೆಗೊಂಡಿತು. ಶಬ್ದ ಸಂಕುಚಿತವಾದರೆ ಅಷ್ಟೊಂದು ಕೇಡಿಲ್ಲ. ಮನಸ್ಸೂ ಅದರೊಡನೆ ಸಂಕುಚಿತವಾದುದೇ ಕೇಡು. ಅಕ್ಕಿ ಬೇಯುವ ಮನೆಯು ಸ್ಥಿತಿವಂತರದು, ನುಚ್ಚು ಕುದಿಯುವ ಮನೆಯು ಬಡವರದು ಎಂಬ ಭಾವನೆಯು ಬೇರೂರಿತು. ಬಾಗಿಲಲ್ಲಿ ಅತಿಥಿಯ ಮೆಟ್ಟಿನ ಸಪ್ಪಳವಾದೊಡನೆ ನುಚ್ಚಿನ ಗಡಿಗೆಯನ್ನು ಮರೆಗೆ ಸರಿಸಿ, ನೆರೆಮನೆಯಿಂದ ಕಡ ತಂದ ಅಕ್ಕಿಗೆ ಎಸರಿಡುವ ಗೃಹಿಣಿಯು ಯಾವ ಊರಿನಲ್ಲಿ ಇರಲಿಲ್ಲ?

ಈ ನಾಚಿಕೆಗೆ ಶರಣರ ಚರಿತ್ರೆಯಲ್ಲಿ ಆಧಾರವಿಲ್ಲ. ಚೋಳರಾಜನು ಬಗೆಬಗೆಯ ಭಕ್ಷ್ಯಗಳನ್ನು ಅರ್ಪಿಸುತ್ತಿದ್ದಾಗ್ಯೂ ಶಿವನು ಮಾದಾರ ಚೆನ್ನಯ್ಯನ ಅಂಬಲಿಯನ್ನೇ ಮೆಚ್ಚಿ ಸವಿದನೆಂಬ ಕಥೆಯನ್ನು ತಿಳಿಯದವರು ವಿರಳ. ದೇವರು ಸವಿದುದನ್ನು ಅತಿಥಿಯ ಮುಂದಿಡಲು ಮನುಷ್ಯನು ನಾಚುವದೆಂದರೆ ವಿಚಿತ್ರವಲ್ಲವೇ?

ಪಾಕವಿದ್ಯೆಯನ್ನು ನಮ್ಮ ಪೂರ್ವಿಕರು ಅಲ್ಪವೆಂದೆಣಿಸಲಿಲ್ಲ. 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಯ ವಿಷಯಕ್ಕೆ ಸ್ಥಳವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವು ಸೇರಿದೆ. ಮೂರನೆಯ ಮಂಗರಸನು ಅದಕ್ಕಾಗಿಯೇ ‘ಸೂಪಶಾಸ್ತ್ರ’ವೆಂಬ ಕಾವ್ಯವನ್ನು ಬರೆದನು. ಕೆಳದಿಯ ಬಸವಭೂಪಾಲನು 1709ರಲ್ಲಿ ಪೂರ್ಣಗೊಳಿಸಿದ ‘ಶಿವತತ್ತ್ವರತ್ನಾಕರ’ವು ಶಿವತತ್ತ್ವವನ್ನು ಸಾರುವ ಗ್ರಂಥವಾಗಿದ್ದರೂ ಪಾಕಶಾಸ್ತ್ರವನ್ನು ಬಿಟ್ಟಿಲ್ಲ. ಆದರೆ ಅರಮನೆಯ ಪಾಕವು ಬೇರೆ, ಮನೆಯ ಪಾಕವು ಬೇರೆ. ಇಲ್ಲಿ ವಿಚಾರಿಸಬೇಕಾದುದು ಮನೆಯ ಪಾಕ: ಒಂದು ಧಾನ್ಯ, ನೀರು, ಉಪ್ಪು, ಚಿಟಿಕೆ ಸಂಬಾರ.

ಮೊದಲು ನುಚ್ಚು. ಬಿಳಿಜೋಳಕ್ಕೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಒರಳಿನಲ್ಲಿ ಮೆಲ್ಲನೆ ಕುಟ್ಟಿ, ಮೊರದಿಂದ ಕೇರಿ ಹೊಟ್ಟನ್ನು ತೆಗೆಯಬೇಕು. ಬಳಿಕ ಒಣಗಿಸಿ, ಕಾಳು ಒಡೆಯುವಷ್ಟೇ ಬೀಸಿ ಜರಡಿ ಹಿಡಿದರೆ ಹಿಟ್ಟು ಬೇರೆ, ನುಚ್ಚು ಬೇರೆಯಾಗುವದು. ಒಂದು ಪಾವು ನುಚ್ಚಿಗೆ ನಾಲ್ಕು ಪಾವು ನೀರು ಸಾಕು. ಎಸರು ಚೆನ್ನಾಗಿ ಮರಳಿದ ಮೇಲೆ ಉಪ್ಪು ಹಾಕಿ, ಒಂದು ಕೈಯಿಂದ ನುಚ್ಚನ್ನು ಉದುರಿಸುತ್ತ ಇನ್ನೊಂದು ಕೈಯಿಂದ ತಿರುವುತ್ತಿರಬೇಕು. ಒಮ್ಮೆಲೆ ಸುರಿದರೆ ಹೊರಗಿನ ಕಾಳು ಬೆಂದು ಅಂಟಾಗಿ, ಒಳಗಿನ ಕಾಳಿಗೆ ನೀರು ಹೋಗದೆ ಗಂಟು ಕಟ್ಟುವದು. ಆಮೇಲೆ ಉರಿ ತಗ್ಗಿಸಿ, ಮುಚ್ಚಿ, ಕೆಂಡದ ಕಾವಿನಲ್ಲಿ ಬಿಡಬೇಕು. ಅವಸರದ ಉರಿಯು ನುಚ್ಚಿಗೆ ಶತ್ರು.

ನವಣೆಯ ಅಕ್ಕಿಯನ್ನು ಅರ್ಧ ಗಂಟೆ ನೆನೆಯಿಟ್ಟು, ಒಂದಕ್ಕೆ ಎರಡೂವರೆಯಂತೆ ನೀರಿಟ್ಟು ಬೇಯಿಸಿದರೆ ಬಿಡಿಬಿಡಿಯಾಗಿ ಅರಳುವದು. ಅಂಬಲಿಗಾದರೋ ರಾಗಿಯ ಅಥವಾ ಜೋಳದ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಅನಂತರ ಮರಳುವ ನೀರಿಗೆ ಹೊಯ್ಯಬೇಕು. ಒಣಹಿಟ್ಟನ್ನು ಬಿಸಿನೀರಿಗೆ ಹಾಕಬಾರದು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹುರಿದು ಕುಟ್ಟಿದ ಜೀರಿಗೆ ಸೇರಿದರೆ ಬೇಸಗೆಯಲ್ಲಿ ಹೊಲದಿಂದ ಬಂದವನಿಗೆ ಅದಕ್ಕಿಂತ ಬೇರೆ ಅಮೃತವಿಲ್ಲ.

ಇನ್ನು ಸಂಬಾರದ ವಿಷಯ. ಕಿರುಧಾನ್ಯಗಳು ಲಘುವಾದವು, ಆದರೆ ರೂಕ್ಷವಾದವು, ವಾತವನ್ನು ಹೆಚ್ಚಿಸುವಂಥವು ಎಂದು ಆಯುರ್ವೇದವು ಹೇಳುತ್ತದೆ. ಆ ರೂಕ್ಷತೆಯನ್ನು ಕಳೆಯುವದಕ್ಕಾಗಿಯೇ ತುಪ್ಪ ಅಥವಾ ಎಣ್ಣೆ. ಅಗ್ನಿಯನ್ನು ಎಬ್ಬಿಸುವದಕ್ಕಾಗಿಯೇ ಜೀರಿಗೆ, ಶುಂಠಿ, ಮೆಣಸು, ಇಂಗು. ಆದುದರಿಂದ ಒಗ್ಗರಣೆಯು ನಾಲಗೆಯ ಚಾಪಲ್ಯಕ್ಕಾಗಿ ಹುಟ್ಟಿದುದಲ್ಲ. ಧಾನ್ಯದ ಗುಣವನ್ನು ತಿಳಿದವರು ಕಂಡುಕೊಂಡ ಉಪಾಯವದು. ಅದರಲ್ಲಿಯೂ ಕ್ರಮವುಂಟು. ಎಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದು ನಿಲ್ಲುತ್ತಲೇ ಜೀರಿಗೆ, ಅದರ ಹಿಂದೆಯೇ ಇಂಗು, ಕರಿಬೇವು, ಕಟ್ಟಕಡೆಗೆ ಅರಿಷಿಣ. ಸಂಬಾರಗಳ ಪರಿಮಳವೂ ಅರಿಷಿಣದ ಬಣ್ಣವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಆದುದರಿಂದಲೇ ಮೊದಲು ಎಣ್ಣೆಯ ಸಂಸ್ಕಾರ. ಜೀರಿಗೆ ಸೀದರೆ ಇಡೀ ಗಡಿಗೆಯು ಕಹಿ.

ಇಂದು ಖಾರವೆಂದೊಡನೆ ಮೆಣಸಿನಕಾಯಿಯು ನೆನಪಾಗುವದು. ಆದರೆ ಅದು ಈ ನೆಲದ ಬೆಳೆಯಲ್ಲ, ಅಮೇರಿಕ ಖಂಡದ್ದು. 16ನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ಬಂದು, ಕರಿಮೆಣಸಿನ ಹೆಸರನ್ನೇ ಎರವಲು ಪಡೆದು ಮೆಣಸಿನಕಾಯಿಯೆನಿಸಿತು. ಬಸವಾದಿ ಶರಣರ ಕಾಲದ ಅಡಿಗೆಮನೆಯಲ್ಲಿ ಅದು ಇರಲಿಲ್ಲ. ಮೆಣಸು, ಶುಂಠಿ, ಹಿಪ್ಪಲಿಗಳೇ ಖಾರದ ಮೂಲ. ಇಂದು ಬ್ಯಾಡಗಿಯ ಕಾಯಿಯು ಬಣ್ಣದಿಂದ ಪ್ರಸಿದ್ಧವಾಗಿದೆ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹೊರಗಿನಿಂದ ಬಂದುದನ್ನು ತನ್ನದಾಗಿಸಿಕೊಳ್ಳುವ ಶಕ್ತಿಯು ಅಡಿಗೆಮನೆಗೆ ಉಂಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಹಾಗಿರಲು ತನ್ನದೇ ಆದ ನವಣೆಯನ್ನು ಅದು ಹೊರಗಟ್ಟುವದೇಕೆ?

ಅಕ್ಕಿಯನ್ನು ನಿಂದಿಸುವದು ಇಲ್ಲಿಯ ಉದ್ದೇಶವಲ್ಲ. ದೋಷವು ಅಕ್ಕಿಯದಲ್ಲ, ಅತಿಯಾಗಿ ಪಾಲಿಶ್ ಮಾಡುವ ಗಿರಣಿಯದು. 19ನೆಯ ಶತಮಾನದ ಕೊನೆಯಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್ಮನ್ನನು, ಬಿಳಿಯ ಅಕ್ಕಿಯನ್ನೇ ತಿಂದ ಕೋಳಿಗಳು ಬೆರಿಬೆರಿಯಂಥ ರೋಗದಿಂದ ಕಾಲು ಸೋತು ಬೀಳುವದನ್ನೂ, ತೌಡಿರುವ ಅಕ್ಕಿಯಿಂದ ಚೇತರಿಸಿಕೊಳ್ಳುವದನ್ನೂ ಕಂಡನು. ಅವನಿಗೆ 1929ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬೆಳ್ಳಗಾಗಲೆಂದು ಉಜ್ಜಿ ತೆಗೆದ ತೌಡಿನಲ್ಲಿಯೇ ಪ್ರಾಣಪೋಷಕವಾದ ಅಂಶವು ಅಡಗಿತ್ತು.

ಹಾಗೆಂದು ಜೋಳವೊಂದೇ ಸರ್ವಸ್ವವೆಂದು ಸಾರುವದೂ ಸತ್ಯವಲ್ಲ. ಬಡತನದಿಂದ ಜೋಳವನ್ನಷ್ಟೇ ಉಂಡು ಬಾಳುತ್ತಿದ್ದವರಲ್ಲಿ ಪೆಲಾಗ್ರವೆಂಬ ಚರ್ಮರೋಗವು ಕಾಣಿಸಿಕೊಂಡುದನ್ನು 1960ರ ಸುಮಾರಿಗೆ ಹೈದರಾಬಾದಿನ ಆಹಾರಸಂಶೋಧಕರು ಹೊರಗೆಡಹಿದರು. ಧಾನ್ಯದಲ್ಲಿ ಕೊರತೆಯಾದ ಸತ್ತ್ವವು ಬೇಳೆಯಲ್ಲಿ ಉಂಟು. ಬೇಳೆಯಲ್ಲಿ ಕೊರತೆಯಾದುದು ಧಾನ್ಯದಲ್ಲಿ ಉಂಟು. ಉತ್ತರ ಕರ್ನಾಟಕದ ಪುಂಡಿಪಲ್ಯವನ್ನು ನೋಡಬೇಕು: ಹುಳಿಯ ಸೊಪ್ಪು, ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ಬೆಳ್ಳುಳ್ಳಿ ಉಳ್ಳಾಗಡ್ಡಿಗಳು ಧಾನ್ಯದಲ್ಲಿಯ ಕಬ್ಬಿಣದ ಅಂಶವು ದೇಹಕ್ಕೆ ಸುಲಭವಾಗಿ ದೊರೆಯುವಂತೆ ಮಾಡಬಲ್ಲವೆಂದು ಮೈಸೂರಿನ ಆಹಾರಸಂಶೋಧನಾಲಯದವರು 2010ರಲ್ಲಿ ಪ್ರಕಟಿಸಿದರು. ಓದು ಬರಹವಿಲ್ಲದ ಮುದುಕಿಯು ಅದಕ್ಕೂ ಬಹುಕಾಲ ಮೊದಲೇ ಆ ಬಾಣಲೆಯನ್ನು ಒಲೆಯ ಮೇಲಿಟ್ಟಿದ್ದಳು.

ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಪಟ್ಟಣದ ಅಂಗಡಿಗಳಲ್ಲಿ ನವಣೆ ಸಾಮೆಗಳು ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಮಾರತೊಡಗಿದವು. ನಿನ್ನೆಯವರೆಗೆ ನಾಚಿಕೆಗೆ ಕಾರಣವಾದುದು ಇಂದು ಡಂಬಕ್ಕೆ ಕಾರಣವಾಗುವದಾದರೆ ಲಾಭವೇನು? ಧಾನ್ಯವು ಎರಡೂ ಅಲ್ಲ. ಅದು ಹಸಿವೆಗೆ ಉತ್ತರ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ನುಚ್ಚು ರೊಟ್ಟಿಗಳು ಮನೆಯಿಂದ ಮರೆಯಾದುದಕ್ಕೆ ಡಂಬವೊಂದೇ ಕಾರಣವಲ್ಲ. ಕೋಳಿ ಕೂಗುವದಕ್ಕೆ ಮೊದಲೇ ಎದ್ದು ಬೀಸಿ, ಕುಟ್ಟಿ, ಕೇರಿ, ಒಲೆಯ ಹೊಗೆಯಲ್ಲಿ ಕಣ್ಣೀರು ಸುರಿಸಿದವಳು ಹೆಣ್ಣುಮಗಳು. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಬಿಸಿನೀರು ಹೊಯ್ದು ಅಂಗೈಯಿಂದ ನಾದಿ ನಾದಿ ತಟ್ಟಿದರೆ ಮಾತ್ರ ರೊಟ್ಟಿಯಾಗುವದು. ಅಕ್ಕಿಯು ಆಕೆಗೆ ಎರಡು ತಾಸಿನ ನಿದ್ರೆಯನ್ನು ಕೊಟ್ಟಿತು. ಪೂರ್ವಿಕರ ಆಹಾರವನ್ನು ಸಭೆಯಲ್ಲಿ ಹೊಗಳಿ, ಮನೆಯಲ್ಲಿ ಒನಕೆಯನ್ನು ಮುಟ್ಟದ ಪುರುಷರು ಇದನ್ನು ವಿಚಾರಿಸಬೇಕು. ಕಾಯಕವು ಎಲ್ಲರದೆಂದು ಸಾರಿದ ಧರ್ಮದಲ್ಲಿ ಅಡಿಗೆಯ ಕಾಯಕವು ಒಬ್ಬಳದೇ ಆಗಬಾರದು. ಕುಟ್ಟುವ ಬೀಸುವ ಕೆಲಸವನ್ನು ಇಂದು ಯಂತ್ರವು ಮಾಡಬಲ್ಲದು. ಎಸರಿಟ್ಟು ತಿರುವುವ ಕೆಲಸವನ್ನು ಮನೆಯ ಯಾವ ಕೈಯಾದರೂ ಮಾಡಬಲ್ಲದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆಕೆಯ ಒಲೆಯ ಮೇಲೆ ಬೆಂದುದು ಅಕ್ಕಿಯೇ; ಆದರೆ ಅದರಲ್ಲಿ ಅತಿಯಾಸೆಯು ಬೇಯಲಿಲ್ಲ. ಧಾನ್ಯವು ಯಾವದೇ ಇರಲಿ, ಅಳತೆಯಲ್ಲಿ ಮಿತಿ, ಉರಿಯಲ್ಲಿ ತಾಳ್ಮೆ, ಸಂಬಾರದಲ್ಲಿ ಹದ, ಬಡಿಸುವಲ್ಲಿ ನಾಚದ ಮನಸ್ಸು, ಈ ನಾಲ್ಕೂ ಕೂಡಿದಲ್ಲಿ ಅದು ಪ್ರಸಾದವಾಗುವದು. ಮುಂದೆ ಅತಿಥಿಯು ಬಾಗಿಲಿಗೆ ಬಂದಾಗ ನುಚ್ಚಿನ ಗಡಿಗೆಯು ಮರೆಗೆ ಸರಿಯದೆ ಪಂಕ್ತಿಯ ನಡುವೆ ಬರಲಿ.

ಸರ್ವರಿಗೂ ಮಂಗಳವಾಗಲಿ.