ಮಧುಮೇಹಿಗಳ ಮೂತ್ರಪಿಂಡದ ಆರೋಗ್ಯ ಮತ್ತು ವಿಟಮಿನ್ ಡಿ

(ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಮೂತ್ರಪಿಂಡ ವೈಫಲ್ಯಕ್ಕೆ ಇದು ಪ್ರಮುಖ ಕಾರಣಗಳಲ್ಲೊಂದು. ಮೂತ್ರಪಿಂಡಕ್ಕೆ ಹಾನಿಯಾದ ಮಧುಮೇಹಿಗಳಲ್ಲಿ ಅನೇಕರಿಗೆ ವಿಟಮಿನ್ ಡಿ ಪ್ರಮಾಣವೂ ಕಡಿಮೆ ಇರುತ್ತದೆ. ಹಾಗಾದರೆ ವಿಟಮಿನ್ ಡಿ ಸೇವಿಸಿದರೆ ಮೂತ್ರಪಿಂಡ ಉಳಿಯುವುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಬಿಸಿಲು ಬಿದ್ದಾಗ ಚರ್ಮದಲ್ಲಿ ಉತ್ಪತ್ತಿಯಾಗುವ ವಿಟಮಿನ್ ಡಿ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಅದು ಮೊದಲು ಯಕೃತ್ತಿನಲ್ಲಿಯೂ ಅನಂತರ ಮುಖ್ಯವಾಗಿ ಮೂತ್ರಪಿಂಡದಲ್ಲಿಯೂ ಮಾರ್ಪಟ್ಟು ಕ್ರಿಯಾಶೀಲವಾಗುತ್ತದೆ. ಮೂತ್ರಪಿಂಡ ಕ್ಷೀಣಿಸಿದಾಗ ಈ ಕಾರ್ಯ ಕುಂಠಿತವಾಗಿ, ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದು ತಗ್ಗುತ್ತದೆ, ಮೂಳೆಗಳು ದುರ್ಬಲವಾಗುತ್ತವೆ. ಇದಲ್ಲದೆ, ರಕ್ತದಲ್ಲಿ ವಿಟಮಿನ್ ಡಿಯನ್ನು ಹೊತ್ತೊಯ್ಯುವ ಪ್ರೋಟೀನು ಹಾನಿಗೊಂಡ ಮೂತ್ರಪಿಂಡದ ಮೂಲಕ ಮೂತ್ರದಲ್ಲಿ ಸೋರಿಹೋಗುತ್ತದೆ. ಆದ್ದರಿಂದ ವಿಟಮಿನ್ ಡಿ ಕೊರತೆಯು ಅನೇಕ ವೇಳೆ ಮೂತ್ರಪಿಂಡದ ಕಾಯಿಲೆಯ ಕಾರಣವಲ್ಲ, ಪರಿಣಾಮ.

ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎರಡನೆಯ ಬಗೆಯ ಮಧುಮೇಹವುಳ್ಳ 1,312 ವಯಸ್ಕರು ಅದರಲ್ಲಿ ಭಾಗವಹಿಸಿದ್ದರು. ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಪಡೆದವರಿಗೂ ಪಡೆಯದವರಿಗೂ 5 ವರ್ಷಗಳ ಕೊನೆಯಲ್ಲಿ ಮೂತ್ರಪಿಂಡದ ಕಾರ್ಯಕ್ಷಮತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತೀವ್ರ ಕೊರತೆಯುಳ್ಳವರನ್ನೇ ಆರಿಸಿ ನಡೆಸಿದ ಪ್ರಯೋಗ ಅದಲ್ಲವೆಂಬುದನ್ನೂ ಗಮನಿಸಬೇಕು. ಕೊರತೆಯಿದ್ದರೆ ಮೂಳೆಗಳ ಹಿತಕ್ಕಾಗಿ ಅದನ್ನು ಸರಿಪಡಿಸುವುದು ಅವಶ್ಯ. ಆದರೆ ಮೂತ್ರಪಿಂಡದ ರಕ್ಷಣೆಗೆಂದು ಎಲ್ಲ ಮಧುಮೇಹಿಗಳೂ ಅದನ್ನು ಸೇವಿಸಲು ಆಧಾರವಿಲ್ಲ.

ಇಲ್ಲಿ ಒಂದು ಅಪಾಯವನ್ನು ವಿಶೇಷವಾಗಿ ತಿಳಿಸಬೇಕಾಗಿದೆ. ಔಷಧಿ ಅಂಗಡಿಗಳಲ್ಲಿ ದೊರೆಯುವ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವೇ ವಾರಗಳಿಗೆ ಬರೆದುಕೊಡಲಾಗುತ್ತದೆ. ಅದನ್ನು ತಪ್ಪಾಗಿ ದಿನವೂ ಸೇವಿಸಿದರೆ, ಅಥವಾ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಮುಂದುವರಿಸಿದರೆ, ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಮೂತ್ರಪಿಂಡಕ್ಕೇ ಹಾನಿಯಾಗಬಹುದು. ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ಹೋಗುವುದು ಇದರ ಲಕ್ಷಣಗಳು. ಕೊನೆಯ ಎರಡು ಲಕ್ಷಣಗಳನ್ನು ಮಧುಮೇಹಿಗಳು ಸಕ್ಕರೆ ಏರಿದೆಯೆಂದೇ ಭಾವಿಸಿ ಕಡೆಗಣಿಸುವ ಸಂಭವವಿದೆ.

ಮೂತ್ರಪಿಂಡವನ್ನು ಉಳಿಸುವ ಮಾರ್ಗ ಬೇರೆಯಿದೆ. ಆರಂಭದ ಹಾನಿಗೆ ನೋವಿಲ್ಲ, ಲಕ್ಷಣವಿಲ್ಲ; ಪರೀಕ್ಷೆಯೊಂದೇ ಅದನ್ನು ತೋರಿಸಬಲ್ಲದು. ಎರಡನೆಯ ಬಗೆಯ ಮಧುಮೇಹ ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಅಲ್ಬುಮಿನ್ ಕಂಡರೆ ಪರೀಕ್ಷೆಯನ್ನು ಪುನಃ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಈ ಹಂತದಲ್ಲಿ ಸಕ್ಕರೆ ಹಾಗೂ ರಕ್ತದೊತ್ತಡದ ಹತೋಟಿಯಿಂದ, ವೈದ್ಯರು ಸೂಚಿಸುವ ಸೂಕ್ತ ಮಾತ್ರೆಗಳಿಂದ ಹಾನಿಯ ವೇಗವನ್ನು ತಗ್ಗಿಸಲು ಸಾಧ್ಯ. ಮಂಡಿನೋವು, ಸೊಂಟನೋವಿಗೆಂದು ಸ್ವತಃ ಕೊಂಡು ನುಂಗುವ ನೋವುನಿವಾರಕ ಮಾತ್ರೆಗಳನ್ನು ಹಾಗೂ ತಂಬಾಕನ್ನು ತ್ಯಜಿಸಬೇಕು.

ಆಶಾ ಕಾರ್ಯಕರ್ತೆಯರು ಮನೆಭೇಟಿಯ ವೇಳೆ ಮಧುಮೇಹವುಳ್ಳವರಿಗೆ ಮೂರು ಪ್ರಶ್ನೆಗಳನ್ನು ಕೇಳುವುದು ಉಪಯುಕ್ತ. ಈ ವರ್ಷ ಮೂತ್ರದ ಅಲ್ಬುಮಿನ್ ಪರೀಕ್ಷೆ ಆಗಿದೆಯೇ? ರಕ್ತದೊತ್ತಡ ಎಷ್ಟಿದೆ? ವೈದ್ಯರ ಚೀಟಿಯಿಲ್ಲದೆ ಯಾವ ಮಾತ್ರೆ, ಪುಡಿ ಅಥವಾ ನಾಟಿ ಔಷಧಿ ಸೇವಿಸುತ್ತಿದ್ದಾರೆ? ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕು. ಪಂಚಾಯಿತಿ ಸದಸ್ಯರು ಗ್ರಾಮಸಭೆಗಳಲ್ಲಿ ಈ ವಿಷಯವನ್ನು ಪ್ರಸ್ತಾಪಿಸಬಹುದು.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡ ಕುಟುಂಬಗಳಿಗೆ ಉಚಿತ ಡಯಾಲಿಸಿಸ್ ದೊರೆಯುತ್ತದೆ. ಆದರೆ ವಾರಕ್ಕೆ ಎರಡು ಮೂರು ಬಾರಿ, ಪ್ರತಿಬಾರಿಯೂ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಕಳೆಯುವ ರೋಗಿಯೂ ಜೊತೆಗೆ ಬರುವವರೂ ಕಳೆದುಕೊಳ್ಳುವ ಕೂಲಿ ಮತ್ತು ನೆಮ್ಮದಿ ಉಚಿತವಾಗಿ ಹಿಂದಿರುಗುವುದಿಲ್ಲ. ಅದನ್ನು ತಪ್ಪಿಸುವ ಅವಕಾಶ ವರ್ಷಕ್ಕೊಮ್ಮೆಯ ಪರೀಕ್ಷೆಯಲ್ಲಿದೆ.