ಎತ್ತುವುದೇಕೆ, ಉರುಳಿಸಿ!

ಮಕ್ಕಳೇ, ಮೂರು ಮೀಟರ್ ಉದ್ದದ, 30 ಸೆಂಟಿಮೀಟರ್ ದಪ್ಪದ ಒಂದು ತೇಗದ ದಿಮ್ಮಿ ನೆಲದ ಮೇಲೆ ಬಿದ್ದಿದೆ ಎಂದುಕೊಳ್ಳಿ. ಚೆನ್ನಾಗಿ ಒಣಗಿದ್ದರೂ ಅದು 130 ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಹಸಿಯಾಗಿದ್ದರಂತೂ ಒಳಗಿರುವ ನೀರಿನ ಭಾರವೂ ಸೇರಿಕೊಳ್ಳುತ್ತದೆ. ಅದನ್ನು ಎತ್ತಬೇಕಾದರೆ ಆ ತೂಕವನ್ನೆಲ್ಲ ನಾವೇ ಹೊರಬೇಕು. ಉರುಳಿಸಿದರೆ? ತೂಕವನ್ನು ನೆಲ ಹೊರುತ್ತದೆ. ದಿಮ್ಮಿ ಕೂತ ತಗ್ಗಿನಿಂದ ಅದನ್ನು ಎಬ್ಬಿಸುವಷ್ಟು ಬಲ ಹಾಕಿದರೆ ಸಾಕು.

ಅದಕ್ಕೆ ನಮ್ಮೂರುಗಳಲ್ಲಿ ಹಾರೆ ಇದೆ. ಹಾರೆಯ ತುದಿಯನ್ನು ದಿಮ್ಮಿಯ ಅಡಿಗೆ ತೂರಿಸಿ, ಪಕ್ಕದಲ್ಲೊಂದು ಕಲ್ಲಿಟ್ಟು, ಇನ್ನೊಂದು ತುದಿಯನ್ನು ಅದುಮಿ ಮೀಟುತ್ತಾರೆ. ಇದೇ ಸನ್ನೆ. ಆ ಕಲ್ಲೇ ಆನಿಕೆ. ಕಲ್ಲಿನಿಂದ ದಿಮ್ಮಿಗೆ 10 ಸೆಂಟಿಮೀಟರ್, ಕಲ್ಲಿನಿಂದ ನಿಮ್ಮ ಕೈಗೆ 100 ಸೆಂಟಿಮೀಟರ್ ಇದ್ದರೆ ನಿಮ್ಮ ಬಲ ಹತ್ತು ಪಟ್ಟಾಗುತ್ತದೆ. ಆದರೆ ದಿಮ್ಮಿ ಒಂದು ಸೆಂಟಿಮೀಟರ್ ಏಳಲು ಕೈ ಹತ್ತು ಸೆಂಟಿಮೀಟರ್ ಇಳಿಯಬೇಕು. ಮಳೆಗಾಲದ ಕೆಸರಿನಲ್ಲಿ ಇನ್ನೊಂದು ತೊಡಕು: ಆನಿಕೆಯ ಕಲ್ಲೇ ಹೂತುಹೋಗುತ್ತದೆ. ದಿಮ್ಮಿ ಸ್ವಲ್ಪ ಹೊರಳುತ್ತಲೇ ಹಾರೆಯೂ ಜಾರಿಬಿಡುತ್ತದೆ.

ಆನಿಕೆಗೆಂದು ಬೇರೆ ಕಲ್ಲನ್ನು ಹುಡುಕಲೇಬೇಕೆ? ಬೇಕಿಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಹಿಂದೆ ಕಾಡಿನ ದಿಮ್ಮಿಗಳನ್ನು ಪೆನೋಬ್ಸ್ಕಾಟ್ ನದಿಯಲ್ಲಿ ತೇಲಿಬಿಡುತ್ತಿದ್ದರು. ಅವು ಒಂದಕ್ಕೊಂದು ಸಿಕ್ಕಿಕೊಂಡು ರಾಶಿಯಾದಾಗ ಬಿಡಿಸುವುದು ಜೀವಕ್ಕೇ ಅಪಾಯದ ಕೆಲಸ. ಕೆಲಸಗಾರರ ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲೇನೋ ಇತ್ತು. ಆದರೆ ಕೊಕ್ಕೆ ಸಡಿಲ ಬಳೆಯಲ್ಲಿ ನೇತಾಡುತ್ತ ಬೇಕಾದ ಕಡೆ ಕಚ್ಚದೆ ಅತ್ತಿತ್ತ ಓಲಾಡುತ್ತಿತ್ತು. 1857ರ ಸುಮಾರಿಗೆ ಜೋಸೆಫ್ ಪೀವಿ ಎಂಬ ಕಮ್ಮಾರ ಬಳೆಯನ್ನು ಕೋಲಿಗೆ ಬಿಗಿಯಾಗಿ ಕೂರಿಸಿದ. ಕೊಕ್ಕೆ ಮೇಲೆ ಕೆಳಗೆ ಮಾತ್ರ ಆಡುವಂತಾಯಿತು. ಕೋಲಿನ ತುದಿಗೆ ಚೂಪಾದ ಕಬ್ಬಿಣದ ಮೊನೆಯನ್ನೂ ಸೇರಿಸಿದ. ಆ ಉಪಕರಣವನ್ನು ಇಂದಿಗೂ ಪೀವಿ ಎಂದೇ ಕರೆಯುತ್ತಾರೆ. ಇಷ್ಟು ಸಣ್ಣ ತಿದ್ದುಪಡಿಯಿಂದ ಇಷ್ಟು ದೊಡ್ಡ ಉಪಕಾರವಾಯಿತಲ್ಲ, ಅದೇ ನನಗೆ ತುಂಬ ಇಷ್ಟ.

ಕೋಲನ್ನು ಎಳೆದಷ್ಟೂ ಕೊಕ್ಕೆ ತೊಗಟೆಯನ್ನು ಗಟ್ಟಿಯಾಗಿ ಕಚ್ಚುತ್ತದೆ. ಆಗ ಕೋಲು, ದಿಮ್ಮಿ ಎರಡೂ ಸೇರಿ ಒಂದೇ ಸನ್ನೆಯಾಗುತ್ತವೆ. ದಿಮ್ಮಿ ನೆಲವನ್ನು ತಾಗುವ ಗೆರೆಯೇ ಅದರ ಆನಿಕೆ. ದಿಮ್ಮಿಯ ನೆತ್ತಿಗೆ ಅಂಗೈಯಿಟ್ಟು ತಳ್ಳಿದರೆ ಕೈ ಇರುವುದು ಆನಿಕೆಯಿಂದ 30 ಸೆಂಟಿಮೀಟರ್ ಎತ್ತರದಲ್ಲಿ. ಕೋಲಿನ ತುದಿ 120 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅದೇ ಬಲಕ್ಕೆ ನಾಲ್ಕು ಪಟ್ಟು ಫಲ. ನಂಬಿಕೆ ಬಾರದಿದ್ದರೆ ಮನೆಯ ಬಾಗಿಲನ್ನು ಒಮ್ಮೆ ಕೀಲಿನ ಹತ್ತಿರ, ಇನ್ನೊಮ್ಮೆ ಅಂಚಿನಲ್ಲಿ ತಳ್ಳಿ ನೋಡಿ.

ಕೋಲು ಉದ್ದವಿದ್ದಷ್ಟೂ ಒಳ್ಳೆಯದೆ? ಇಕ್ಕಟ್ಟಿನ ಜಾಗದಲ್ಲಿ ಉದ್ದನೆಯ ಕೋಲನ್ನು ತಿರುಗಿಸಲಾಗದು. ಕೊಕ್ಕೆಯ ಬಾಯಿ ದಿಮ್ಮಿಯ ದಪ್ಪಕ್ಕೆ ಹೊಂದಬೇಕು. ಚಿಕ್ಕದಾದರೆ ಹಿಡಿಯದು, ತೀರ ದೊಡ್ಡದಾದರೆ ಕಚ್ಚದು. ಕೋಲಿಗಿಂತ ಮೊದಲು ನೋಡಬೇಕಾದದ್ದು ಕೊಕ್ಕೆಯನ್ನೇ. ಒಣನೆಲದಲ್ಲಿ ಮೊನೆಯ ಬದಲು ಚಿಕ್ಕ ಹಲ್ಲಿರುವ ಕೋಲೇ ಅನುಕೂಲ. ಕೊಯ್ಯುವಾಗ ಗರಗಸ ಮಣ್ಣಿಗೆ ತಾಗಿ ಮೊಂಡಾಗದಂತೆ, ದಿಮ್ಮಿಯನ್ನು ನೆಲದಿಂದ ತುಸು ಎತ್ತಿ ನಿಲ್ಲಿಸುವ ಕಾಲುಳ್ಳ ಕೊಕ್ಕೆಗೋಲೂ ಇದೆ. ಎತ್ತಿ ಒಯ್ಯಲೇಬೇಕಾದರೆ ದೊಡ್ಡ ಇಕ್ಕಳ ಬೇಕು. ಅದರ ಗುಣ ಸೊಗಸು: ಭಾರ ಕೆಳಕ್ಕೆ ಜಗ್ಗಿದಷ್ಟೂ ಅದರ ಹಲ್ಲುಗಳು ಬಿಗಿಯುತ್ತವೆ.

ಇಳಿಜಾರಿನಲ್ಲಿ ಕೆಲಸಗಾರರು ಯಾವಾಗಲೂ ದಿಮ್ಮಿಯ ಮೇಲ್ಬದಿಯಲ್ಲೇ ನಿಲ್ಲಬೇಕು. ಒಮ್ಮೆ ಉರುಳತೊಡಗಿದ 130 ಕಿಲೋಗ್ರಾಂ ಭಾರವನ್ನು ಯಾರ ಕೈಯೂ ತಡೆಯಲಾರದು. ನೀವೂ ಅಷ್ಟೇ, ಮರದ ಡಿಪೋದಲ್ಲೋ ರಸ್ತೆಬದಿಯಲ್ಲೋ ದಿಮ್ಮಿಗಳ ರಾಶಿ ಕಂಡರೆ ದೂರದಿಂದಲೇ ನೋಡಿ, ಅದರ ಮೇಲೆ ಹತ್ತಬೇಡಿ.